ನೀರಿನ ಲೆಕ್ಕ ಕಲಿತ ಊರುಗಳಲ್ಲಿ: ಹಿವರೆ ಬಜಾರ್‌ನಿಂದ ಅನಂತಪುರಕ್ಕೆ

ಪುಣೆಯಿಂದ ಅಹ್ಮದ್‌ನಗರದತ್ತ ಸಾಗುವ ಹೆದ್ದಾರಿ ಸಹ್ಯಾದ್ರಿಯ ಮಳೆ ನೆರಳಿನ ನಾಡನ್ನು ಸೀಳಿಕೊಂಡು ಹೋಗುತ್ತದೆ. ಈಗ ಅಹಿಲ್ಯಾನಗರವೆಂದು ಹೆಸರು ಬದಲಾಗಿರುವ ಈ ಜಿಲ್ಲೆಯ ಬಹುಭಾಗ ಬಸಾಲ್ಟ್ ಬಂಡೆಯ ಮೇಲಿದೆ. ಮೇಲೆ ತೆಳುವಾದ ಮಣ್ಣು, ಅದರ ಕೆಳಗೆ ಶಿಥಿಲಗೊಂಡ ಬಂಡೆಯ ಪದರ, ಅದಕ್ಕೂ ಕೆಳಗೆ ಬಿರುಕುಗಳಲ್ಲಿ ಮಾತ್ರ ನೀರು ನಿಲ್ಲುವ ಗಟ್ಟಿ ಕಲ್ಲು. ಇಂತಹ ನೆಲದಲ್ಲಿ ಅಂತರ್ಜಲದ ಸಂಗ್ರಹ ಬಲು ಚಿಕ್ಕದು. ಒಂದೇ ಮಳೆಗಾಲದಲ್ಲಿ ತುಂಬುತ್ತದೆ, ಒಂದೇ ಬೇಸಿಗೆಯಲ್ಲಿ ಬರಿದಾಗುತ್ತದೆ. ಈ ನೆಲದ ಗುಣವನ್ನು ಅರಿಯದೆ ಅಲ್ಲಿನ ಜನ ಮಾಡಿರುವ ಕೆಲಸದ ಬೆಲೆ ತಿಳಿಯುವುದಿಲ್ಲ.

ಹಿವರೆ ಬಜಾರ್ ಅಹ್ಮದ್‌ನಗರ ಪಟ್ಟಣದಿಂದ ದೂರವೇನಿಲ್ಲ. ಊರಿನ ಒಟ್ಟು ವಿಸ್ತೀರ್ಣ ಸುಮಾರು 977 ಹೆಕ್ಟೇರ್, ವಾಡಿಕೆಯ ಮಳೆ 400 ಮಿಲಿಮೀಟರಿನ ಆಸುಪಾಸು. 1972ರ ಭೀಕರ ಬರದ ನಂತರ ಕೂಲಿ ಅರಸಿ ಗುಳೆ ಹೋದವರ ಊರೆಂದೇ ಇದು ಹೆಸರಾಗಿತ್ತು. 1989ರಲ್ಲಿ ಸ್ನಾತಕೋತ್ತರ ಪದವೀಧರರಾದ ಪೋಪಟರಾವ್ ಪವಾರ್ ಸರಪಂಚರಾಗಿ ಆಯ್ಕೆಯಾದ ಮೇಲೆ ಗುಡ್ಡಗಳ ಮೇಲೆ ಸಮಪಾತಳಿ ಕಂದಕಗಳು, ಹಳ್ಳಗಳಿಗೆ ಅಡ್ಡ ಒಡ್ಡುಗಳು, ಜಿನುಗು ಕೆರೆಗಳು ಸಿದ್ಧವಾದವು. ಸರ್ಕಾರದ ಉದ್ಯೋಗ ಖಾತರಿಯ ಹಣದ ಜೊತೆಗೆ ಊರವರ ಶ್ರಮದಾನವೂ ಇದಕ್ಕೆ ಸಂದಿತು. ಮರ ಕಡಿಯುವುದಕ್ಕೂ ಗುಡ್ಡದಲ್ಲಿ ದನಕರುಗಳನ್ನು ಬಿಟ್ಟು ಮೇಯಿಸುವುದಕ್ಕೂ ಗ್ರಾಮಸಭೆ ನಿಷೇಧ ಹೇರಿತು. ಹುಲ್ಲನ್ನು ಕೊಯ್ದು ಒಯ್ಯಬಹುದು, ಆದರೆ ದನವನ್ನು ಬಿಡುವಂತಿಲ್ಲ.

ಕಂದಕಗಳನ್ನು ನೋಡಲು ನಾನು ಗುಡ್ಡ ಹತ್ತಿದೆ. ಒಂದೇ ಮಟ್ಟದಲ್ಲಿ ಇಳಿಜಾರಿಗೆ ಅಡ್ಡಲಾಗಿ ಸಾಗುವ ಅವುಗಳ ಅಂಚಿನಲ್ಲಿ ಹುಲ್ಲು ಎದೆಯೆತ್ತರ ಬೆಳೆದಿತ್ತು. ಆದರೆ ನನ್ನನ್ನು ಅಲ್ಲಿಗೆ ಸೆಳೆದದ್ದು ಕಂದಕಗಳಲ್ಲ, ಅಂತಹ ಕಾಮಗಾರಿಯನ್ನು ದೇಶದ ಸಾವಿರಾರು ಊರುಗಳಲ್ಲಿ ಕಾಣಬಹುದು. ಅನೇಕ ಕಡೆ ಒಡ್ಡುಗಳು ನಿಂತಿವೆ, ಬಾವಿಗಳು ಮತ್ತೆ ಬತ್ತಿವೆ. ಇಂಗಿಸಿದ ನೀರನ್ನು ಯಾರು ಎಷ್ಟು ಎತ್ತಬಹುದೆಂಬ ಪ್ರಶ್ನೆಯನ್ನು ಅಲ್ಲಿ ಯಾರೂ ಎತ್ತದಿರುವುದೇ ಅದಕ್ಕೆ ಕಾರಣ. ಹಿವರೆ ಬಜಾರ್ ಈ ಪ್ರಶ್ನೆಗೆ ಪ್ರತಿವರ್ಷವೂ ಬಹಿರಂಗವಾಗಿ ಉತ್ತರ ಬರೆಯುತ್ತದೆ.

ಮಳೆಗಾಲ ಮುಗಿದ ಮೇಲೆ ಮಳೆಮಾಪಕದ ದಾಖಲೆ ಮತ್ತು ಆಯ್ದ ಬಾವಿಗಳ ನೀರಿನ ಮಟ್ಟವನ್ನು ಮುಂದಿಟ್ಟುಕೊಂಡು ಊರು ತನ್ನ ನೀರಿನ ಆಯವ್ಯಯವನ್ನು ಸಿದ್ಧಪಡಿಸುತ್ತದೆ. ಒಂದು ಹೆಕ್ಟೇರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು 10,000 ಲೀಟರ್ ನೀರು. ಇಡೀ ಊರಿನ ಮೇಲೆ ಬಿದ್ದರೆ ಒಂದು ಕೋಟಿ ಲೀಟರಿಗೆ ತುಸು ಕಡಿಮೆ. ಈ ಗುಣಾಕಾರವನ್ನು ಶಾಲೆಯ ಮಕ್ಕಳೂ ಮಾಡಬಲ್ಲರು. ಆವಿಯಾಗಿ ಹೋಗುವ ಪಾಲನ್ನೂ ಹರಿದುಹೋಗುವ ಪಾಲನ್ನೂ ಕಳೆದು ಉಳಿದದ್ದರಲ್ಲಿ ಮೊದಲ ಹಕ್ಕು ಜನರ ಮತ್ತು ಜಾನುವಾರುಗಳ ಕುಡಿಯುವ ನೀರಿಗೆ. ಅದಾದ ಮೇಲೆ ಹಿಂಗಾರಿ ಬೆಳೆಗೆ ಎಷ್ಟು, ಮುಂದಿನ ವರ್ಷಕ್ಕೆ ನೆಲದಲ್ಲೇ ಉಳಿಸಬೇಕಾದದ್ದು ಎಷ್ಟು ಎಂಬುದು ಗ್ರಾಮಸಭೆಯಲ್ಲಿ ತೀರ್ಮಾನವಾಗುತ್ತದೆ. ಮಳೆ ಕಡಿಮೆಯಾದ ವರ್ಷ ಗೋಧಿಯ ಕ್ಷೇತ್ರ ಕುಗ್ಗುತ್ತದೆ. ಕಬ್ಬು ಮತ್ತು ಬಾಳೆಯಂತಹ ನೀರು ಹೀರುವ ಬೆಳೆಗಳಿಗೆ ಅವಕಾಶವಿಲ್ಲ, ನೀರಾವರಿಗಾಗಿ ಕೊಳವೆಬಾವಿ ಕೊರೆಸುವಂತಿಲ್ಲ. ಹೊರಗಿನಿಂದ ಕೇಳಿದಾಗ ಕಠಿಣವೆನಿಸುವ ಈ ಕಟ್ಟಳೆಗಳು ಅಲ್ಲಿ ಸಹಜವಾಗಿ ತೋರಿದವು, ಏಕೆಂದರೆ ಅವುಗಳ ಹಿಂದಿರುವ ಅಂಕಿಗಳನ್ನು ಎಲ್ಲರೂ ಕಂಡಿರುತ್ತಾರೆ.

ಆದರೂ ಒಂದು ಸಂದೇಹ ನನ್ನನ್ನು ಬಿಡಲಿಲ್ಲ. ಪ್ರಬಲ ನಾಯಕತ್ವ, ಪುಟ್ಟ ಊರು, ಕಟ್ಟಳೆಗೆ ಒಪ್ಪುವ ಗ್ರಾಮಸಭೆ, ಇವೆಲ್ಲ ಒಟ್ಟಿಗೆ ಸಿಗುವುದು ಅಪರೂಪ. ಇವು ಇಲ್ಲದ ಕಡೆ ಕಲಿಕೆಯೊಂದೇ ಏನು ಮಾಡಬಲ್ಲದು? ಉತ್ತರ ಹುಡುಕಿ ದಕ್ಷಿಣಕ್ಕೆ, ಕರ್ನಾಟಕದ ಗಡಿಗೆ ಅಂಟಿಕೊಂಡ ಅನಂತಪುರದ ಸೀಮೆಗೆ ಹೊರಟೆ.

ಅನಂತಪುರ ದೇಶದ ಅತ್ಯಂತ ಒಣ ಪ್ರದೇಶಗಳಲ್ಲಿ ಒಂದು. ಕೆಂಪು ನೆಲದ ಮೇಲೆ ಕಡಲೆಕಾಯಿ ಹೊಲಗಳು, ನಡುನಡುವೆ ಬಂಡೆಗುಡ್ಡಗಳು, ಕೆಲಸ ನಿಲ್ಲಿಸಿದ ಕೊಳವೆಬಾವಿಗಳ ಸಾಲು. 2003ರ ಹೊತ್ತಿಗೆ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ನೆರವಿನಿಂದ ಅವಿಭಜಿತ ಆಂಧ್ರಪ್ರದೇಶದ ಅನಂತಪುರ, ಚಿತ್ತೂರು, ಕಡಪ, ಕರ್ನೂಲು, ಮೆಹಬೂಬ್‌ನಗರ, ನಲಗೊಂಡ ಮತ್ತು ಪ್ರಕಾಶಂ ಎಂಬ ಏಳು ಬರಪೀಡಿತ ಜಿಲ್ಲೆಗಳಲ್ಲಿ ರೈತರೇ ನಿರ್ವಹಿಸುವ ಅಂತರ್ಜಲ ಯೋಜನೆಯೊಂದು ನಡೆಯಿತು. ಈ ಯೋಜನೆ ನೀರು ಬಳಸಬೇಡಿ ಎಂದು ಯಾರಿಗೂ ಆಜ್ಞೆ ಮಾಡಲಿಲ್ಲ, ಕಡಿಮೆ ಬಳಸಿದವರಿಗೆ ಹಣವನ್ನೂ ಕೊಡಲಿಲ್ಲ. ಅಳೆಯುವುದನ್ನು ಮಾತ್ರ ಕಲಿಸಿತು.

ಕಲಿಕೆ ನಡೆದದ್ದು ರೈತರ ನೀರಿನ ಶಾಲೆಗಳಲ್ಲಿ. ಜೂನ್‌ನಿಂದ ಮೇವರೆಗಿನ ಜಲವರ್ಷದುದ್ದಕ್ಕೂ ಹದಿನೈದು ದಿನಕ್ಕೊಮ್ಮೆ ರೈತರು, ಅವರಲ್ಲಿ ಮಹಿಳೆಯರೂ, ಬಾವಿಯ ಬಳಿಯಲ್ಲೇ ಸೇರುತ್ತಿದ್ದರು. ಕೊಳವೆಬಾವಿಯೊಳಗೆ ತಂತಿ ಇಳಿಬಿಟ್ಟು ನೀರಿನ ಮಟ್ಟ ಅಳೆಯುವುದು, ಮಳೆಮಾಪಕ ಓದುವುದು, ಪಂಪಿನ ಹರಿವನ್ನು ಪಾತ್ರೆ ಹಿಡಿದು ಗಡಿಯಾರ ನೋಡಿ ಲೆಕ್ಕ ಹಾಕುವುದು, ಇವೇ ಪಾಠಗಳು. ಇಪ್ಪತ್ತು ಲೀಟರಿನ ಬಕೀಟು ಹತ್ತು ಸೆಕೆಂಡಿನಲ್ಲಿ ತುಂಬಿದರೆ ಸೆಕೆಂಡಿಗೆ 2 ಲೀಟರ್, ಏಳು ಗಂಟೆ ಕರೆಂಟ್ ಇದ್ದರೆ 50,400 ಲೀಟರ್. ಒಂದು ಎಕರೆಯ ಮೇಲೆ ಹರಡಿದರೆ ಅದು 12 ಮಿಲಿಮೀಟರಿನಷ್ಟು ಮಳೆಗೆ ಸಮ. ಮೋಟಾರು ಓಡುವುದನ್ನಷ್ಟೇ ಕಾಣುತ್ತಿದ್ದ ಕಣ್ಣಿಗೆ ಹೀಗೆ ಕೆಳಗಿನ ನೀರೂ ಕಾಣತೊಡಗುತ್ತದೆ. ಹಿಂಗಾರಿಗೆ ಮುನ್ನ ಒಂದೇ ಹಳ್ಳದ ಜಲಾನಯನಕ್ಕೆ ಸೇರಿದ ಊರುಗಳೆಲ್ಲ ಕೂಡಿ ಲಭ್ಯವಿರುವ ನೀರನ್ನೂ, ತಾವು ಬಿತ್ತಬೇಕೆಂದಿರುವ ಬೆಳೆಗಳಿಗೆ ಬೇಕಾದ ನೀರನ್ನೂ ಗೋಡೆಯ ಮೇಲೆ ಬರೆಯುತ್ತಿದ್ದವು. ಕೊರತೆ ಕಂಡರೆ ಭತ್ತ ಬಿಡುವುದೋ, ಬಿತ್ತನೆಯ ಕ್ಷೇತ್ರವನ್ನೇ ಕುಗ್ಗಿಸುವುದೋ, ಅದು ಆಯಾ ರೈತನ ಇಚ್ಛೆ. ಅನೇಕರು ಕಡಿಮೆ ನೀರಿನ ಬೆಳೆಗೆ ಹೊರಳಿದರು. ಭತ್ತ ಬಿಟ್ಟರೆ ತನಗೇ ಲಾಭವೆಂದು ರೈತನಿಗೆ ಲೆಕ್ಕದಿಂದ ಮನದಟ್ಟಾದದ್ದು ಇದರ ಹಿಂದಿನ ನಿಜವಾದ ಬಲವೆಂದು ನನ್ನ ನಂಬಿಕೆ. ಪರೋಪಕಾರವನ್ನು ನೆಚ್ಚಿದ ಯೋಜನೆಗಳು ಎರಡು ಬರಗಾಲಗಳನ್ನು ದಾಟುವುದು ಕಷ್ಟ.

ಯೋಜನೆಯ ಅವಧಿ ಮುಗಿದ ಮೇಲೆ ಅಳತೆಯ ರೂಢಿ ಎಲ್ಲ ಕಡೆಯೂ ಒಂದೇ ರೀತಿ ಉಳಿಯಲಿಲ್ಲ. ನಾನು ನಿಂತ ಒಂದು ಊರಿನ ಗೋಡೆಯ ಮೇಲೆ ಬಾವಿಗಳ ಕೋಷ್ಟಕದ ಗೆರೆಗಳು ಮಾತ್ರ ಇದ್ದವು, ಒಳಗಿನ ಅಂಕಿಗಳು ಅಳಿಸಿಹೋಗಿದ್ದವು. ಹಳೆಯ ಗುಂಪಿನಲ್ಲಿದ್ದ ರೈತ ಮಹಿಳೆಯೊಬ್ಬರನ್ನು ವಿಚಾರಿಸಿದೆ. ಉಪಕರಣ ಕೆಟ್ಟುಹೋದ ಮೇಲೆ ದುರಸ್ತಿಗೆ ಯಾರೂ ಬರಲಿಲ್ಲವೆಂದೂ, ತಮ್ಮ ಮನೆಯ ಬಾವಿಯ ಮಟ್ಟವನ್ನು ಮಾತ್ರ ಹಗ್ಗಕ್ಕೆ ಗಂಟು ಹಾಕಿ ಈಗಲೂ ನೋಡಿಕೊಳ್ಳುತ್ತೇನೆಂದೂ ಆಕೆ ತಿಳಿಸಿದರು. ಹಿವರೆ ಬಜಾರ್‌ನಲ್ಲಿ ಅಳತೆ ಪಂಚಾಯಿತಿಯ ನಿತ್ಯದ ಕೆಲಸಗಳಲ್ಲಿ ಒಂದಾಗಿದೆ. ಇಲ್ಲಿ ಅದು ಯೋಜನೆಯ ಸಿಬ್ಬಂದಿಯೊಂದಿಗೆ ಬಂದು ಅವರೊಂದಿಗೇ ಹೊರಟುಹೋಯಿತು. ದಾಖಲೆ ಪುಸ್ತಕ ಇಡುವವರಿಗೆ ಒಂದಿಷ್ಟು ಗೌರವಧನ, ಕೆಟ್ಟ ತಂತಿಗೆ ಬದಲಿ ತಂತಿ, ವರ್ಷಕ್ಕೊಮ್ಮೆ ಸಭೆ ಕರೆಯುವ ಹೊಣೆ, ಇಷ್ಟನ್ನು ಗ್ರಾಮ ಪಂಚಾಯಿತಿಯ ಆಯವ್ಯಯದಲ್ಲೇ ಸೇರಿಸಿದರೆ ಅದಕ್ಕೆ ತಗಲುವ ವೆಚ್ಚ ಒಂದು ವಿಫಲ ಕೊಳವೆಬಾವಿಯ ವೆಚ್ಚವನ್ನು ಮೀರಲಾರದು. ಆ ಮಹಿಳೆಗೂ ಬೇಕಾಗಿದ್ದದ್ದು ಅದೇ: ತಂತಿಯನ್ನು ಕೊಡಿಸಿದರೆ ಅಕ್ಕಪಕ್ಕದ ಬಾವಿಗಳನ್ನೂ ತಾವೇ ಅಳೆದು ಬರೆದಿಡುವುದಾಗಿ ಆಕೆ ಹೇಳಿದರು.