ಗಂಟು ಬಿಚ್ಚಿ ಮತ್ತೆ ಕಟ್ಟಿದ ದಿನ

14 ಜೂನ್ 2025, ಶನಿವಾರ

ಹಳೇ ಹಾರ್ಡ್ ಡಿಸ್ಕಿನಲ್ಲಿ 23 ರಾರ್ ಫೈಲುಗಳು ಬಿದ್ದಿದ್ದವು. ಎಲ್ಲ 2009–11ರ ಕಾಲದವು. ಹಲವು ಫೈಲುಗಳನ್ನು ಒತ್ತಿ ಒಂದೇ ಗಂಟು ಕಟ್ಟಿಡುವ ಒಂದು ರೀತಿ ರಾರ್, ಇನ್ನೊಂದು ರೀತಿ ಜಿಪ್. ಜಿಪ್ ಮಾಡಿಟ್ಟರೆ ಯಾವ ಫೋನಿನಲ್ಲಾದರೂ ತೆರೆಯಬಹುದು ಅಂತ ಬೆಳಿಗ್ಗೆ ಕೂತೆ. ಅರ್ಧ ಗಂಟೆ ಕೆಲಸ ಅಂದುಕೊಂಡಿದ್ದೆ. ಎದ್ದಾಗ ಸಂಜೆ ಐದು.

ಮೊದಲು ಮಾಡಿದ್ದು ಹುಡುಗಾಟ. ಒಂದು ಫೈಲಿನ ಹೆಸರಿನ ಬಾಲ ಅಳಿಸಿ ಜಿಪ್ ಅಂತ ಬರೆದೆ. ಆಗಲ್ಲ ಅಂತ ಗೊತ್ತಿತ್ತು, ಆದರೂ ಕೈ ಸುಮ್ನಿರಬೇಕಲ್ವಾ. ನೋಟ್‌ಪ್ಯಾಡಿನಲ್ಲಿ ತೆರೆದು ನೋಡಿದೆ. ಅರ್ಥವಾಗದ ಅಕ್ಷರಗಳ ರಾಶಿ, ಅದರ ತಲೆಯ ಮೇಲೆ ಮಾತ್ರ ಇಂಗ್ಲಿಷಿನಲ್ಲಿ ಸ್ಪಷ್ಟವಾಗಿ 'ರಾರ್!' ಅಂತಿತ್ತು, ಆಶ್ಚರ್ಯಸೂಚಕ ಚಿಹ್ನೆ ಸಮೇತ. ಜಿಪ್ ಆಗಿದ್ದರೆ ಅಲ್ಲಿ 'ಪಿಕೆ' ಇರಬೇಕಿತ್ತು. 1989ರಲ್ಲಿ ಜಿಪ್ ಹೊರತಂದ ಫಿಲ್ ಕಾಟ್ಜ್ ಹೆಸರಿನ ಮೊದಲಕ್ಷರಗಳು ಅವು. ಮೂವತ್ತಾರು ವರ್ಷವಾದರೂ ಪ್ರತಿ ಜಿಪ್ಪಿನ ಹಣೆಯ ಮೇಲೆ ಹಾಗೇ ಇವೆ.

ರಾರ್‌ನಿಂದ ಜಿಪ್‌ಗೆ ನೇರ ದಾರಿಯಿಲ್ಲ. ಪೂರ್ತಿ ಬಿಚ್ಚಬೇಕು, ಮತ್ತೆ ಕಟ್ಟಬೇಕು. 'ಕನ್ವರ್ಟ್' ಅನ್ನೋ ಬಟನ್ ಕೂಡ ಹಿಂದೆ ಮಾಡುವುದು ಇದನ್ನೇ. ಹಾಗಾಗಿ ಡಿಸ್ಕಿನಲ್ಲಿ ಹಳೇ ಗಂಟು, ಬಿಚ್ಚಿದ ರಾಶಿ, ಹೊಸ ಗಂಟು ಮೂರಕ್ಕೂ ಒಟ್ಟಿಗೆ ಜಾಗ ಬೇಕು. ನನಗೆ ಇದು ಹೊಳೆದದ್ದು ಡಿಸ್ಕ್ ತುಂಬಿ ಕೆಲಸ ನಿಂತ ಮೇಲೆ.

ಫೋಟೋಗಳ ಗಂಟು ಹೆಚ್ಚೂ ಕಡಿಮೆ ಅಷ್ಟೇ ಗಾತ್ರಕ್ಕೆ ಬಂತು. ಜೆಪೆಗ್ ಮೊದಲೇ ಹಿಂಡಿದ ಬಟ್ಟೆ, ಇನ್ನೆಷ್ಟು ಹಿಂಡಿದರೂ ನೀರು ಬರಲ್ಲ. ಬರಹದ ಫೈಲುಗಳದ್ದು ಮಾತ್ರ 9 ಎಂಬಿ ಇದ್ದದ್ದು 15 ಆಯಿತು. ಆಗ ರಾರ್ ಕಟ್ಟುವಾಗ ನಾನು 'ಸಾಲಿಡ್' ಆಯ್ಕೆ ಹಾಕಿದ್ದೆ. ಅದರಲ್ಲಿ ಎಲ್ಲ ಫೈಲುಗಳನ್ನೂ ಒಂದೇ ಉದ್ದ ಹಗ್ಗದಂತೆ ನೋಡಿ ಒತ್ತುತ್ತಾರೆ, ಒಂದರಲ್ಲಿ ಬಂದ ಸಾಲು ಇನ್ನೊಂದರಲ್ಲಿ ಮತ್ತೆ ಬಂದರೆ ಜಾಗ ಉಳಿಯುತ್ತದೆ. ಜಿಪ್ ಒಂದೊಂದು ಫೈಲನ್ನೂ ಬೇರೆಬೇರೆಯಾಗಿಯೇ ಒತ್ತುತ್ತದೆ. ಇರಲಿ, 6 ಎಂಬಿಗೆ ಯಾರು ಅಳುತ್ತಾರೆ.

ಹೆಸರುಗಳದ್ದೇ ಭಯ ಇದ್ದದ್ದು. 2010ರಲ್ಲಿ ಯಾವುದೋ ಟೂಲಿನಲ್ಲಿ ಕಟ್ಟಿದ ಒಂದು ಜಿಪ್ ನನ್ನ ಹತ್ತಿರ ಇದೆ. ಒಳಗೆ ಕನ್ನಡದ ಹೆಸರುಗಳ ಜಾಗದಲ್ಲಿ ಬರೀ ಪ್ರಶ್ನಾರ್ಥಕ ಚಿಹ್ನೆಗಳು. ಕಟ್ಟುವಾಗಲೇ ಕಳೆದದ್ದು, ವಾಪಸ್ ಬರಲ್ಲ. ಇವತ್ತಿನ ಟೂಲು ಹೆಸರುಗಳನ್ನು ಎಲ್ಲ ಭಾಷೆಗಳ ಅಕ್ಷರಗಳಿಗೂ ಜಾಗವಿರುವ ಯುನಿಕೋಡಿನಲ್ಲೇ ಇಟ್ಟಿತು. ಫೋನಿನಲ್ಲಿ ತೆರೆದೆ, 'ಅಜ್ಜಿಯ ಪತ್ರ 3' ಒತ್ತಕ್ಷರ ಸಮೇತ ಕಂಡಿತು.

ಹದಿನೇಳನೇ ಫೈಲು ಕೈಕೊಟ್ಟಿತು. ಬಿಚ್ಚುವಾಗ ಮಧ್ಯದಲ್ಲಿ 'ಸಿಆರ್‌ಸಿ ಎರರ್', ಅಂದರೆ ಒಳಗಿನದು ಕೆಟ್ಟಿದೆ ಅಂತ, ಅಲ್ಲಿಂದ ಮುಂದೆ ಸಾಲಾಗಿ ಎಲ್ಲ ಕೆಂಪು. ಸಾಲಿಡ್‌ನ ಇನ್ನೊಂದು ಮುಖ ಇದು, ಹಗ್ಗ ಒಂದು ಕಡೆ ತುಂಡಾದರೆ ಅದರಾಚೆಗಿನದು ಸಿಗಲ್ಲ. ಅದರಲ್ಲಿದ್ದದ್ದು ಅಪ್ಪ ಟೈಪ್ ಮಾಡಿಟ್ಟ ನೆನಪುಗಳು. ಕೈ ತಣ್ಣಗಾಯಿತು. ಆಮೇಲೆ ನೆನಪಾಯಿತು, ಆಗಿನ ಕಾಲಕ್ಕೆ ನಾನು 'ರಿಕವರಿ ರೆಕಾರ್ಡ್' ಟಿಕ್ ಮಾಡುತ್ತಿದ್ದೆ, 3 ಪರ್ಸೆಂಟ್. ಏನು ಅಂತ ಗೊತ್ತಿಲ್ಲದೆ, ಸುಮ್ನೆ. ಗಂಟು ಕೆಟ್ಟರೆ ಸರಿಮಾಡಲು ಅದರೊಳಗೇ ಇಡುವ ಹೆಚ್ಚುವರಿ ಮಾಹಿತಿ ಅದು. ರಾರ್ ಕಟ್ಟಿ ಬಿಚ್ಚುವ ಸಾಫ್ಟ್‌ವೇರ್ ವಿನ್‌ರಾರ್ ಹಾಕಿ ರಿಪೇರಿ ಒತ್ತಿದೆ. ಒಂದು ನಿಮಿಷದಲ್ಲಿ ಪಕ್ಕದಲ್ಲೇ ಹೊಸ ಫೈಲು ಬಂತು, ಹೆಸರಿನ ಮುಂದೆ 'ಫಿಕ್ಸ್‌ಡ್' ಅಂತ ಸೇರಿಸಿಕೊಂಡು. ಬಿಚ್ಚಿದೆ. ಒಂದೂ ಕೆಂಪಿಲ್ಲ.

ಜಿಪ್‌ನಲ್ಲಿ ಈ ಸೌಲಭ್ಯವೇ ಇಲ್ಲ. ಹೊಸ ಜಿಪ್ಪುಗಳನ್ನೆಲ್ಲ ಟೆಸ್ಟ್ ಮಾಡಿ, ಫೈಲುಗಳ ಎಣಿಕೆ ತಾಳೆ ನೋಡಿ, 22 ರಾರ್ ಅಳಿಸಿದೆ. ಅಪ್ಪನದ್ದನ್ನೂ ಜಿಪ್ ಮಾಡಿದೆ, ಆದರೆ 'ಫಿಕ್ಸ್‌ಡ್' ರಾರ್ ಅದರ ಪಕ್ಕದಲ್ಲೇ ಇದೆ. ಇನ್ನೊಂದು ಪ್ರತಿ ಪೆನ್‌ಡ್ರೈವಿಗೂ ಹಾಕಿದೆ.