ಕೂದಲಿಗೊಂದು ಮಾಸ್ಕ್

ಫೋಟೋಶಾಪ್ ಮಾಸ್ಕಿಂಗ್ (ಫೋಟೋದಲ್ಲಿ ಬೇಕಾದ್ದನ್ನು ತೋರಿಸಿ ಬೇಡದ್ದನ್ನು ಮರೆಮಾಡೋದು) ಈಗ ಸ್ವಲ್ಪ ಕೈಗೆ ಹತ್ತುತ್ತಿದೆ. ಹಾರಾಡುವ ಕೂದಲಿಗೆ, ಅಂಚಿನ ಸುತ್ತ ಗೆರೆ ಎಳೆಯುವ ಪೆನ್ ಟೂಲ್ ಹಿಡಿಯೋದು ವ್ಯರ್ಥ. ಚಾನೆಲ್ಸ್ (ಫೋಟೋದ ಕೆಂಪು, ಹಸಿರು, ನೀಲಿ ಬಣ್ಣಗಳ ಬೇರೆಬೇರೆ ಕಪ್ಪು ಬಿಳುಪು ಚಿತ್ರಗಳು) ತೆರೆದು, ಕೂದಲಿಗೂ ಹಿನ್ನೆಲೆಗೂ ಜಾಸ್ತಿ ವ್ಯತ್ಯಾಸ ಕಾಣುವ ಚಾನೆಲ್ಲನ್ನು (ನೀಲಿ ಆಕಾಶವಿದ್ದರೆ ಸಾಮಾನ್ಯವಾಗಿ ಬ್ಲೂ) ನಕಲು ಮಾಡಿಕೊಂಡು, ಲೆವೆಲ್ಸ್‌ನಲ್ಲಿ ಕಪ್ಪು ಬಿಳುಪು ಗಟ್ಟಿ ಮಾಡಿ, ಕೊನೆಗೆ ಇನ್ವರ್ಟ್ ಮಾಡಿ (ಕಪ್ಪು ಬಿಳುಪು ಅದಲುಬದಲು) ಅದನ್ನೇ ಮಾಸ್ಕ್ ಆಗಿ ಹಾಕಿದರೆ ಎಳೆ ಎಳೆಯೂ ಉಳಿಯುತ್ತದೆ. ಕಪ್ಪು ಮರೆಮಾಡುತ್ತದೆ, ಬಿಳಿ ತೋರಿಸುತ್ತದೆ. ಏನೂ ಅಳಿಸಿಹೋಗಲ್ಲ.

ಕಷ್ಟ ಇರೋದು ಆಮೇಲೆ. ನಮ್ಮ ವಿಜಯಪುರದಲ್ಲಿ ಮದುವೆ ಜೋಡಿಯನ್ನು ಗೋಳಗುಮ್ಮಟದ ಮುಂದೆ ನಿಲ್ಲಿಸಿಕೊಡಿ ಅನ್ನುವವರಿಗೆ ಬರವಿಲ್ಲ. ಜೋಡಿ ಹಾಲ್‌ನ ಫ್ಲ್ಯಾಶ್ ಬೆಳಕಿನಲ್ಲಿ, ಗುಮ್ಮಟ ಮಟಮಟ ಮಧ್ಯಾಹ್ನದ ಬಿಸಿಲಲ್ಲಿ. ನೆರಳು ಒಂದೇ ಕಡೆ ಬೀಳದಿದ್ದರೆ ಎಂಥ ಮಾಸ್ಕ್ ಹಾಕಿದರೂ ಅಂಟಿಸಿದ್ದು ಅಂತ ಗೊತ್ತಾಗಿಬಿಡುತ್ತದೆ. ಸುಮ್ನೆ ಒಂದು ಟಾಂಗಾ ಹತ್ತಿ ಅಲ್ಲೇ ಹೋಗಿ ನಿಲ್ಲಬಹುದು ಅಲ್ವಾ, ಊರಲ್ಲೇ ಇದೆ!