ಒಂದೇ ಹೊಲ, ಏಳು ಸಲ: ಕಾಂಬ್ಯಾಟ್ ಮಿಷನ್‌ನಲ್ಲಿ ಕಾಲ್ದಳ ನಡೆಸಲು ಕಲಿಯುತ್ತಿದ್ದೇನೆ

ಟ್ಯಾಂಕುಗಳನ್ನು ಸದ್ಯಕ್ಕೆ ಪಕ್ಕಕ್ಕಿಟ್ಟಿದ್ದೇನೆ. ಎರಡನೇ ಮಹಾಯುದ್ಧದ ಕಂಪ್ಯೂಟರ್ ಆಟ ಕಾಂಬ್ಯಾಟ್ ಮಿಷನ್: ಬ್ಯಾಟಲ್ ಫಾರ್ ನಾರ್ಮಂಡಿ ಆಡುವಾಗ ಇಷ್ಟು ದಿನ ಟ್ಯಾಂಕು, ಫಿರಂಗಿಗಳ ನೆರಳಲ್ಲಿ ಹೇಗೋ ಗೆದ್ದುಕೊಂಡು ಬಂದೆ. ಕಾಲಾಳುಗಳು ಮಾತ್ರ ಪ್ರತಿ ಸಲವೂ ಕುರಿಗಳ ಹಾಗೆ ಸತ್ತರು. ಆಟ ಬಂದದ್ದು 2011ರಲ್ಲಿ, ಸರಣಿ ಶುರುವಾದದ್ದು 2000ದಲ್ಲಿ. ಚಿತ್ರ ನೋಡಿದರೆ ವಯಸ್ಸು ಗೊತ್ತಾಗಿಬಿಡುತ್ತದೆ. ಆದರೆ ಒಬ್ಬೊಬ್ಬ ಸೈನಿಕ ಏನು ಕಂಡ, ಎಷ್ಟು ಸುಸ್ತಾದ, ಎಷ್ಟು ಹೆದರಿದ ಅಂತ ಇಷ್ಟು ಜಿಪುಣತನದಿಂದ ಲೆಕ್ಕ ಇಡುವ ಆಟ ನಾನು ಇನ್ನೊಂದು ಆಡಿಲ್ಲ.

ಆಡದವರಿಗೆ ಒಂದು ಮಾತು. ಒಂದು ಟರ್ನ್ ಅಂದರೆ ಒಂದು ನಿಮಿಷ. ಎರಡೂ ಕಡೆಯವರು ಆದೇಶ ಕೊಡುತ್ತಾರೆ, ಆಮೇಲೆ 60 ಸೆಕೆಂಡು ಎಲ್ಲವೂ ಒಟ್ಟಿಗೇ ನಡೆಯುತ್ತದೆ. ಆ ನಿಮಿಷದಲ್ಲಿ ನಾವು ಕೈ ಹಾಕುವ ಹಾಗಿಲ್ಲ. ನೋಡಬಹುದು ಅಷ್ಟೇ. ಬೇಕಾದರೆ ಹಿಂದಕ್ಕೆ ಓಡಿಸಿ, ಯಾವ ಮೂಲೆಯಿಂದಾದರೂ ಮತ್ತೆ ನೋಡಬಹುದು. ನಾನು ಕಲಿತದ್ದೆಲ್ಲ ಈ ಮರುನೋಟದಲ್ಲೇ.

ಅಭ್ಯಾಸಕ್ಕೆ ಆಟದ ಎಡಿಟರ್‌ನಲ್ಲಿ, ಅಂದರೆ ನಮ್ಮದೇ ರಣರಂಗ ಮಾಡಿಕೊಳ್ಳುವ ಸಾಧನದಲ್ಲಿ, ಒಂದು ಹೊಲ ಮಾಡಿಕೊಂಡೆ. ಉದ್ದ 140 ಮೀಟರ್. ಸುತ್ತ ನಾರ್ಮಂಡಿಯ ಬೊಕಾಜ್, ಅಂದರೆ ಎತ್ತರದ ಮಣ್ಣಿನ ಬದು, ಅದರ ಮೇಲೆ ದಟ್ಟ ಬೇಲಿ. ಎತ್ತರದ ಬೇಲಿಯನ್ನು ಕಾಲಾಳುಗಳು ದಾಟಲು ಆಗುವುದಿಲ್ಲ, ಸಂದು ಇದ್ದಲ್ಲಿ ಮಾತ್ರ ನುಸುಳಬೇಕು. ನನ್ನ ಕಡೆ ಅಮೆರಿಕನ್ನರ ಒಂದು ಪ್ಲಟೂನ್ (ಹನ್ನೆರಡು ಜನರ ಮೂರು ಸ್ಕ್ವಾಡ್), ಒಂದು 60 ಮಿ.ಮೀ. ಮಾರ್ಟರ್. ಆಚೆ ಬದುವಿನಲ್ಲಿ ಒಂಬತ್ತು ಜನರ ಒಂದು ಜರ್ಮನ್ ಸ್ಕ್ವಾಡ್, ಅವರ ಹತ್ತಿರ ಒಂದು ಎಂಜಿ 42 ಮಷಿನ್‌ಗನ್. ತಿಂಗಳು ಜುಲೈ 1944. ನಾಲ್ಕು ಜನಕ್ಕೆ ಒಬ್ಬ. ಸುಲಭ ಅಲ್ವಾ?

ಮೊದಲ ಸಲ

ಮೂರೂ ಸ್ಕ್ವಾಡ್‌ಗಳಿಗೆ 'ಫಾಸ್ಟ್' ಕೊಟ್ಟೆ. 140 ಮೀಟರ್ ತಾನೇ, ಓಡಿಬಿಡಲಿ ಅಂತ.

ಮರುನೋಟದಲ್ಲಿ ಕ್ಯಾಮೆರಾವನ್ನು ನೆಲಮಟ್ಟಕ್ಕೆ ಇಳಿಸಿದೆ. ನಮ್ಮ ಕಡೆಯ ಬೇಲಿಯಲ್ಲಿ ಒಂದೇ ಸಂದು. ಹನ್ನೆರಡು ಜನ ಆ ಸಂದಿನಲ್ಲಿ ಒಬ್ಬರ ಹಿಂದೊಬ್ಬರು ತೂರಿದರು. 14ನೇ ಸೆಕೆಂಡಿಗೆ ಮುಂದಿನವನು ಹೊಲಕ್ಕೆ ಕಾಲಿಟ್ಟ. 19ಕ್ಕೆ ಎಂಜಿ 42 ಬಾಯಿ ಬಿಟ್ಟಿತು. ಅದರ ವೇಗ ನಿಮಿಷಕ್ಕೆ ಸುಮಾರು 1,200 ಗುಂಡು, ಸೆಕೆಂಡಿಗೆ 20. ಒಂದೊಂದೇ ಹೊಡೆತದ ಸದ್ದು ಕಿವಿಗೆ ಬೀಳುವುದಿಲ್ಲ, ಬಟ್ಟೆ ಹರಿದ ಹಾಗೆ ಕೇಳುತ್ತದೆ. ಸಂದಿನಲ್ಲಿ ಇಬ್ಬರು ಬಿದ್ದರು. ಹಿಂದಿನವರು ಅವರನ್ನು ದಾಟಿಕೊಂಡೇ ಓಡಿದರು, ಯಾಕೆಂದರೆ ನಾನು ಹಾಗೆ ಹೇಳಿದ್ದೆ. ಫಾಸ್ಟ್‌ನಲ್ಲಿ ಓಡುವವನು ನಿಂತು ಗುಂಡು ಹಾರಿಸುವುದಿಲ್ಲ. ಎರಡು ನಿಮಿಷದಲ್ಲಿ 23 ಜನ ಹೋದರು. ಜರ್ಮನ್ನರಲ್ಲಿ ಒಬ್ಬನಿಗೂ ಗೀರು ಬಿದ್ದಿರಲಿಲ್ಲ.

ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ ಅಂತಾರಲ್ಲ, ಇಲ್ಲಿ ಬೇಲಿ ಹೊಲವನ್ನು ಬಿಟ್ಟು ನನ್ನ ಪ್ಲಟೂನನ್ನೇ ಮೇಯಿತು.

ಎರಡನೇ ಸಲ

ಈ ಸಲ ಜಾಣನಾದೆ ಅಂದುಕೊಂಡು 'ಹಂಟ್' ಕೊಟ್ಟೆ. ಹಂಟ್ ಅಂದರೆ ಬಂದೂಕು ಎತ್ತಿ ಹಿಡಿದು ನಿಧಾನವಾಗಿ ನಡೆ, ವೈರಿ ಕಂಡರೆ ಅಥವಾ ಗುಂಡು ಬಂದರೆ ನಿಲ್ಲು. ನಿಂತರು. ಹೊಲದ ನಟ್ಟನಡುವೆ, ಹುಲ್ಲಿನಲ್ಲಿ, ಯಾವ ಮರೆಯೂ ಇಲ್ಲದ ಕಡೆ. ಮುಂದೆ ಬರೆಯುವಂಥದ್ದು ಏನೂ ನಡೆಯಲಿಲ್ಲ.

ಮೂರನೇ ಸಲ

ಇಲ್ಲಿಂದ ನಿಜವಾದ ಕಲಿಕೆ ಶುರು. ಸ್ಕ್ವಾಡನ್ನು ಒಡೆದೆ.

ಆ ಕಾಲದ ಅಮೆರಿಕನ್ ಸ್ಕ್ವಾಡ್ ಪಾಠದ ಪ್ರಕಾರ ಮೂರು ತುಂಡು. ಏಬಲ್‌ನಲ್ಲಿ ಇಬ್ಬರು ಸ್ಕೌಟ್‌ಗಳು, ಬೇಕರ್‌ನಲ್ಲಿ ಬಿಎಆರ್ (ಒಂದೇ ಸಮ ಗುಂಡು ಹಾರಿಸುವ ರೈಫಲ್) ಇರುವ ನಾಲ್ವರು, ಚಾರ್ಲಿಯಲ್ಲಿ ಮುನ್ನುಗ್ಗುವ ಐವರು. ಮೇಲೊಬ್ಬ ಲೀಡರ್, ಒಟ್ಟು 12. ಇದನ್ನು ಎಷ್ಟೋ ಸಲ ಓದಿದ್ದೆ. ಆದರೆ ಆಟದಲ್ಲಿ 12 ಜನರನ್ನು ಒಂದೇ ಗುಂಪಾಗಿ ಎಳೆದಾಡುತ್ತಿದ್ದೆ, ಸುಮ್ನೆ ಕ್ಲಿಕ್ ಉಳಿಸಲು. ಸೋಮಾರಿತನಕ್ಕೆ ತೆತ್ತ ಬೆಲೆ ಮೇಲೆ ಬರೆದಿದ್ದೇನೆ.

ಮಿಕ್ಕವರನ್ನು ಬದುವಿನ ಹಿಂದೆ ಮಲಗಿಸಿ, ಇಬ್ಬರು ಸ್ಕೌಟ್‌ಗಳನ್ನು ಮಾತ್ರ ಸಂದಿನಿಂದ ಆಚೆ ಕಳಿಸಿದೆ. ಎಂಜಿ ಹೊಡೆಯಿತು. ಒಬ್ಬ ಬಿದ್ದ, ಇನ್ನೊಬ್ಬ ತೆವಳಿಕೊಂಡು ವಾಪಸ್ ಬಂದ. ಬದುವಿನ ಹಿಂದೆ ಇದ್ದ ಏಳೆಂಟು ತಂಡಗಳಲ್ಲಿ ಎರಡು ತಂಡಕ್ಕೆ ಪ್ರಶ್ನಾರ್ಥಕ ಚಿಹ್ನೆ ಕಂಡಿತು, 'ಅಲ್ಲೇನೋ ಇದೆ' ಅಂತ. ಉಳಿದವರಿಗೆ ಏನೂ ಕಾಣಲಿಲ್ಲ. ಈ ಆಟದಲ್ಲಿ ಒಬ್ಬ ಕಂಡದ್ದು ಎಲ್ಲರಿಗೂ ತಕ್ಷಣ ಗೊತ್ತಾಗುವುದಿಲ್ಲ. ಕೂಗು ಕೇಳಬೇಕು, ಇಲ್ಲವೇ ಲೀಡರ್ ಮೂಲಕ ಸುದ್ದಿ ಹೋಗಬೇಕು. ಎರಡು ನಿಮಿಷ ಏನೂ ಮಾಡದೆ ಕಾದೆ. ಕಾಯುವುದೂ ಒಂದು ಆದೇಶ ಅಂತ ನನಗೆ ಯಾರೂ ಹೇಳಿರಲಿಲ್ಲ.

ಸೋತೆ, ಆದರೆ ಎಂಜಿ ಎಲ್ಲಿದೆ ಅಂತ ಗೊತ್ತಾಯಿತು.

ನಾಲ್ಕನೇ ಸಲ

ಸುದ್ದಿ ಹರಡಿದ ಮೇಲೆ ಎಲ್ಲರಿಗೂ ಆ ಜಾಗಕ್ಕೇ ಗುಂಡು ಹಾರಿಸಲು ಹೇಳಿದೆ. ಸೈನಿಕ ಕಾಣದಿದ್ದರೂ ನೆಲವನ್ನು ಗುರಿ ಮಾಡಬಹುದು. ಎಂಜಿ ಸುಮ್ಮನಾಯಿತು! ಖುಷಿಯಲ್ಲಿ ಐದು ನಿಮಿಷ ಹೊಡೆಸಿದೆ. ಆಮೇಲೆ ನೋಡಿದರೆ ಬಿಎಆರ್‌ಗಳ ಗುಂಡು ತಳ ಕಂಡಿತ್ತು. ಗ್ಯಾರಂಡ್ ರೈಫಲ್‌ನ ಕ್ಲಿಪ್‌ನಲ್ಲಿ 8 ಗುಂಡು, ಬಿಎಆರ್ ಮ್ಯಾಗಜೀನ್‌ನಲ್ಲಿ 20. ಹೀಗೆ ಸುರಿದರೆ ಎಷ್ಟು ಹೊತ್ತು ಬಂದೀತು. ಆಚೆ ಒಬ್ಬನೂ ಸತ್ತಿರಲಿಲ್ಲ, ತಲೆ ತಗ್ಗಿಸಿದ್ದರು ಅಷ್ಟೇ. ನಾವು ಬರಿಗೈ ಆದ ಮೇಲೆ ತಲೆ ಎತ್ತಿದರು.

'ಟಾರ್ಗೆಟ್ ಬ್ರೀಫ್ಲಿ' ಅನ್ನುವ ಆದೇಶ ಇದೆ, 15 ಸೆಕೆಂಡು ಮಾತ್ರ ಹೊಡೆಯುತ್ತಾರೆ. ಮೂರು ತಂಡಗಳಿಗೆ ಸರದಿಯಲ್ಲಿ ಕೊಟ್ಟರೆ ಸದ್ದು ನಿಲ್ಲುವುದಿಲ್ಲ, ಖರ್ಚೂ ಕಡಿಮೆ. ಇದು ಸಿಕ್ಕಿದ್ದು ಆವತ್ತು ರಾತ್ರಿ, ಸೋತ ಮೇಲೆ.

ಐದನೇ ಸಲ

ಮಾರ್ಟರ್ ನನ್ನವರ ಮೇಲೇ ಬಿತ್ತು. ತಪ್ಪು ನನ್ನದೇ. ತಂಡ ಮುಂದೆ ಹೋಗಿದೆ ಅಂತ ಮರೆತು ಗುರಿ ಬದಲಿಸದೆ ಬಿಟ್ಟೆ.

ಆರನೇ ಸಲ

ಹುಡುಕು, ಕಟ್ಟಿಹಾಕು, ಬಳಸಿ ಹೋಗು, ಮುಗಿಸು. ಕಾಲ್ದಳದ ಪಾಠದಲ್ಲಿ ಎಲ್ಲರೂ ಹೇಳುವ ನಾಲ್ಕು ಮಾತು ಇವು. ಮೊದಲೆರಡು ಈಗ ಬರುತ್ತಿದ್ದವು. ಹಾಗಾಗಿ ಎರಡು ಸ್ಕ್ವಾಡ್ ಬದುವಿನಿಂದ ಹೊಡೆಯುತ್ತಿರಲಿ, ಮೂರನೆಯದು ಎಡಗಡೆ ಪಕ್ಕದ ಹೊಲದಲ್ಲಿ ಬದು ಹಿಡಿದು ಹೋಗಿ, ಅಲ್ಲಿಯ ಸಂದಿನಿಂದ ನುಗ್ಗಲಿ ಅಂತ ಯೋಜನೆ. ಎಂಜಿಯ ಪಕ್ಕೆಗೆ 40 ಮೀಟರ್.

ಎಲ್ಲ ಸರಿಯಾಗಿ ಹೋಯಿತು, ಕೊನೆಯ ನಿಮಿಷದ ತನಕ. ನನ್ನವರ ಗುಂಡು ನುಗ್ಗುವವರಿಗೇ ಅಡ್ಡ ಬರಬಾರದು ಅಂತ ಬದುವಿನವರಿಗೆ ನಿಲ್ಲಿಸಲು ಹೇಳಿದೆ, ಮೂರನೇ ಸ್ಕ್ವಾಡಿನ ಚಾರ್ಲಿ ತಂಡಕ್ಕೆ ಅದೇ ಟರ್ನ್‌ನಲ್ಲಿ 'ನುಗ್ಗು' ಅಂದೆ. ಕಾಗದದ ಮೇಲೆ ಎರಡೂ ಒಟ್ಟಿಗೆ. ಮರುನೋಟದಲ್ಲಿ ಸೆಕೆಂಡು ಎಣಿಸಿದೆ. ಚಾರ್ಲಿ ಸಂದು ಸೇರಲು 22 ಸೆಕೆಂಡು, ಅಲ್ಲಿಂದ ಮೂಲೆ ತಿರುಗಲು ಇನ್ನು 9. ಗುಂಡು ನಿಂತು 25 ಸೆಕೆಂಡಿಗೇ ಎಂಜಿಯವನು ಎದ್ದು ಕೂತ. ಸುತ್ತ ನೋಡಿದ. ಎಡಕ್ಕೆ ತಿರುಗಿದ. ಆ ತಿರುಗುವಿಕೆಯನ್ನು ನಾನು ನಾಲ್ಕು ಸಲ ಹಿಂದಕ್ಕೆ ಓಡಿಸಿ ನೋಡಿದೆ. ಚಾರ್ಲಿಯ ಐವರಲ್ಲಿ ಉಳಿದವನು ಒಬ್ಬ.

ಗುಂಡು ಕೊಲ್ಲಲು ಅಂತ ಇಷ್ಟು ದಿನ ಅಂದುಕೊಂಡಿದ್ದೆ. ಇಲ್ಲಿ ಗುಂಡಿನಿಂದ ಕೊಳ್ಳುವುದು ಸಮಯ. ಆ ಸಮಯ ಸೋರುತ್ತದೆ, ತೂತು ಬಿದ್ದ ಕೊಡದ ಹಾಗೆ. ಹೊಡೆಯುವುದು ನಿಲ್ಲುವುದಕ್ಕೂ ನುಗ್ಗುವವನು ತಲುಪುವುದಕ್ಕೂ ನಡುವೆ ಎಷ್ಟು ಸೆಕೆಂಡು ಅನ್ನುವುದೇ ಲೆಕ್ಕ. ನಿಜವಾದ ಯುದ್ಧದಲ್ಲಿ ನಾರ್ಮಂಡಿಯ ಒಮಾಹಾ ತೀರದಿಂದ ಸೇಂಟ್ ಲೋ ಪಟ್ಟಣಕ್ಕೆ ಸುಮಾರು 30 ಕಿ.ಮೀ. ಜೂನ್ 6ಕ್ಕೆ ಇಳಿದ ಅಮೆರಿಕನ್ನರು ಅದನ್ನು ಹಿಡಿದದ್ದು ಜುಲೈ 18ಕ್ಕೆ. ಓದುವಾಗ 'ಇಷ್ಟು ನಿಧಾನವೇ' ಅನಿಸಿತ್ತು. ನಾನು ಒಂದು ಹೊಲಕ್ಕೇ ಮೂರು ವಾರ ತೆಗೆದುಕೊಂಡಿದ್ದೇನೆ, ಕುರ್ಚಿಯಲ್ಲಿ ಕೂತು.

ಏಳನೇ ಸಲ

ಬದಲಾವಣೆ ಒಂದೇ. ಚಾರ್ಲಿಯನ್ನು ಮೊದಲೇ ಸಂದಿನ ಬಾಯಿಗೆ ತಂದು ಮಲಗಿಸಿದೆ. ಒಂದು ಪೂರ್ತಿ ನಿಮಿಷ ಉಸಿರು ತೆಗೆದುಕೊಳ್ಳಲು ಬಿಟ್ಟೆ, ಸುಸ್ತಾದವರು ಓಡುವುದಿಲ್ಲ. ಬಲಗಡೆಯ ಬೇಕರ್ ತಂಡ ಕೊನೆಯವರೆಗೂ ಹೊಡೆಯುತ್ತಲೇ ಇರಲಿ, ಆದರೆ ಗುರಿ ಎಂಜಿಗಿಂತ ಎರಡು ಚೌಕ ಬಲಕ್ಕೆ. ಒಂದು ಚೌಕ 8 ಮೀಟರ್. ನುಗ್ಗುವವರಿಗೆ ತಾಗದು, ಎಂಜಿಯವನು ತಲೆ ಎತ್ತುವಷ್ಟು ಧೈರ್ಯವೂ ಬಾರದು. ಚಾರ್ಲಿಗೆ ಐದು ಸೆಕೆಂಡು 'ಪಾಜ್', ಅಂದರೆ ತಡೆ, ಆಮೇಲೆ 'ಕ್ವಿಕ್', ಅಂದರೆ ಬೇಗ ನಡೆ.

ಮೂಲೆ ತಿರುಗಿದಾಗ 13ನೇ ಸೆಕೆಂಡು. ಎಂಜಿಯವನು ಇನ್ನೂ ಮುಖ ಮಣ್ಣಿಗೆ ಹಚ್ಚಿ ಮಲಗಿದ್ದ. ಎರಡು ಗ್ರೆನೇಡ್ ಹೋದವು. ಉಳಿದ ಜರ್ಮನ್ನರು ಹಿಂದಿನ ಹೊಲಕ್ಕೆ ಓಡಿದರು, ಇಬ್ಬರು ಕೈ ಎತ್ತಿದರು.

ನನ್ನ ಕಡೆ ಐವರು ಬಿದ್ದರು. ಅದರಲ್ಲೊಬ್ಬ ಬಿಎಆರ್ ಹಿಡಿದವನು. ಆಟ ಮುಗಿದರೂ ನಾನು ಕೂಡಲೇ ಮುಚ್ಚಲಿಲ್ಲ. ಅವನ ಪಕ್ಕದಲ್ಲಿದ್ದವನು ಮಂಡಿಯೂರಿ ಒಂದು ನಿಮಿಷ ಆರೈಕೆ ಮಾಡಿದ, ಆಮೇಲೆ ಆ ಬಿಎಆರ್ ಎತ್ತಿಕೊಂಡು ತನ್ನ ಜಾಗಕ್ಕೆ ಹೋಗಿ ಮಲಗಿದ. ಹಾಗೆ ಮಾಡು ಅಂತ ನಾನು ಹೇಳಿರಲಿಲ್ಲ.

ನಿನ್ನೆ ಎಡಿಟರ್ ತೆರೆದು ಎಡಗಡೆಯ ಸಂದನ್ನು ಕಾಯಲು ಎರಡನೇ ಎಂಜಿ ಇಟ್ಟೆ. ಎಂಟನೇ ಸಲದ ಮೊದಲ ಎರಡು ನಿಮಿಷ ಆಡಿದ್ದೇನೆ. ಚಾರ್ಲಿ ಮತ್ತೆ ಬದುವಿನ ಹಿಂದೆ ಮಲಗಿದೆ, ಸ್ಕೌಟ್‌ಗಳಿಗೆ ಇನ್ನೂ ಏನೂ ಕಂಡಿಲ್ಲ.